ಮುತ್ತಜ್ಜಿ ಗ್ರಹಣ

“ಗ್ರಹಣದ ದಿನ ಸಂಜಿಮುಂದ ನಿಮ್ಮ ಮನ್ಯಾಗ ನೀರು ಕಾಸ್ತೀರೇನ್ರಿ?” ಎಂದು ತಂಗೆವ್ವ ಕೇಳಿದಾಗ ಬೆಟಗೇರಿಯ ಮಂದಿ ಒಬ್ಬರಿಗಿಂತ ಒಬ್ಬರು ಜೋರಾಗಿ ಇಲ್ಲ ಎಂದರು.

ತಂಗೆವ್ವ ಯಾರ ಮನೆಯ ತಂಗಿಯೂ ಅಲ್ಲ. ಹಿಂದೆ ಗೋಡೆಯ ಮೇಲೆ ಮೀಟರ್ ಇರುತ್ತಿದ್ದ ಜಾಗದಲ್ಲಿ ಈಗ ಇರುವ, ಮಾತಾಡುವ ಪೆಟ್ಟಿಗೆ. ಕಲ್ಲಿದ್ದಲು ಸುಡುವುದು ನಿಂತು ನಾಡಿನ ಕರೆಂಟೆಲ್ಲ ಬಿಸಿಲಿನಿಂದಲೇ ಬರತೊಡಗಿದ ಮೇಲೆ, ಯಾವ ಮನೆಗೆ ಯಾವ ಹೊತ್ತಿನಲ್ಲಿ ಎಷ್ಟು ಬೇಕೆಂದು ಮೊದಲೇ ಕೇಳಿ ತಿಳಿದುಕೊಳ್ಳುವ ಪದ್ಧತಿ ಬಂತು. ಹಗಲು ದುಡಿದದ್ದನ್ನು ಬ್ಯಾಟರಿಯಲ್ಲಿ ಕೂಡಿಟ್ಟು ರಾತ್ರಿ ಉಣ್ಣುವ ಸಂಸಾರ ಅದು. ಕೇಳದೆ ಬಡಿಸಿದರೆ ಕೊನೆಯ ಪಂಕ್ತಿಗೆ ಅನ್ನ ಉಳಿಯುವುದಿಲ್ಲ. ಪೆಟ್ಟಿಗೆಗೆ ಸರಕಾರ ಇಟ್ಟ ಉದ್ದನೆಯ ಹೆಸರು ಯಾರಿಗೂ ನೆನಪಿಲ್ಲ. ದನಿ ಎಳೆಯ ಹುಡುಗಿಯದಾಗಿದ್ದರಿಂದ ಮಂದಿ ತಂಗೆವ್ವ ಎಂದರು, ಅದೂ ಆ ಹೆಸರಿಗೇ ಓಗೊಡತೊಡಗಿತು.

ಗ್ರಹಣದ ಜಳಕವನ್ನು ಒಪ್ಪಿಕೊಳ್ಳಲು ಮಂದಿಗೆ ನಾಚಿಕೆ. ಪೆಟ್ಟಿಗೆಯ ಆ ತುದಿಗೆ ಓದಿದವರು ಕೂತಿರುತ್ತಾರೆ, ನಕ್ಕಾರು ಎಂಬ ಅಳುಕು. “ಅದನ್ನೆಲ್ಲಾ ಈಗ ಯಾರ ನಂಬ್ತಾರವಾ ತಂಗೆವ್ವಾ?” ಎಂದು ಗೋಡೆಗೆ ಹೇಳಿ, ಆ ಕಡೆ ತಿರುಗಿ ಅಂಗಡಿಗೆ ದರ್ಭೆ ಬಂದಿದೆಯೇ ಎಂದು ವಿಚಾರಿಸಲು ಹೊರಟವರಿದ್ದರು.

ಪೆಟ್ಟಿಗೆಯ ಆ ತುದಿಗೆ ಕೂರುವವರಲ್ಲಿ ಒಬ್ಬಳಾದ ಕಸ್ತೂರಿಯೂ ಇಲ್ಲ ಎಂದೇ ಹೇಳಿದಳು. ಗದಗಿನ ಹೊರಗೆ, ಗಾಳಿಯಂತ್ರಗಳ ಗುಡ್ಡದ ಬುಡದಲ್ಲಿರುವ ವಿದ್ಯುತ್ ನಿಯಂತ್ರಣ ಕೇಂದ್ರದಲ್ಲಿ ಅವಳು ಹಿರಿಯ ಇಂಜಿನಿಯರ್. ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತ, “ಇಲ್ಲವಾ, ಕಾಸೂದಿಲ್ಲ,” ಎಂದಳು.

ಮಂಚದ ಮೇಲೆ ಒರಗಿದ್ದ ಗಂಡ ಕೊಟ್ರೇಶ ಮಾಸ್ಕಿನೊಳಗೇ ನಕ್ಕ. “ಹೋದ ಗ್ರಹಣಕ್ಕ... ಬಚ್ಚಲದಾಗ ಕದ್ದು ಜಳಕಾ ಮಾಡಿದವರು... ಯಾರ ಹಂಗಾರ?”

“ಬೆವತಿದ್ದೆ, ಮಾಡಿದೆ.”

“ಚಳಿಗಾಲದಾಗ ಬೆವರು!”

“ನೀವು ಸುಮ್ಮನ ಉಸಿರಾಡ್ರಿ,” ಎಂದು ಅವಳು ಗದರಿಸಿದಳು. ಆ ಮನೆಯಲ್ಲಿ ಅದು ಬೈಗುಳವೂ ಹೌದು, ಮುದ್ದೂ ಹೌದು.

ಕೊಟ್ರೇಶ ಮಗ್ಗದ ಮೆಕ್ಯಾನಿಕ್. ಬೆಟಗೇರಿಯಲ್ಲಿ ಅವನ ಕೈ ತಾಗದ ಮಗ್ಗವಿರಲಿಲ್ಲ. ಕೆಟ್ಟ ಮಗ್ಗದ ಕೆಳಗೆ ಮಲಗಿ ನೂಲಿನ ಧೂಳು ಕುಡಿದು ಕುಡಿದು ಪುಪ್ಪುಸ ಹಾಳಾಗಿತ್ತು. ಈಗ ಉಸಿರಾಡಿಸುವ ಯಂತ್ರವೇ ಅವನಿಗೆ ಗತಿ. ಮಾಸ್ಕು ತೆಗೆದರೆ ನಾಲ್ಕು ಮಾತಾಡುವಷ್ಟರಲ್ಲಿ ತುಟಿ ನೀಲಿಯಾಗುತ್ತಿತ್ತು.

ಅಂಥವರ ಮನೆಗಳಿಗೆಂದೇ ಜೀವದ ತಂತಿ ಇತ್ತು. ಮಾಮೂಲಿ ಲೈನಿನ ಜೊತೆಗೆ ಎಳೆದ, ಬೇರೆಯದೇ ಆದ ಒಂದು ತೆಳು ಲೈನು. ಊರಿಗೆ ಊರೇ ಕತ್ತಲಾದರೂ ಅದು ಹೋಗುವಂತಿಲ್ಲ. ಯಂತ್ರ, ಒಂದು ಬಲ್ಬು, ತಂಗೆವ್ವ, ಇಷ್ಟೇ ಅದರ ಮೇಲಿನ ಭಾರ. ಅವಸರಕ್ಕೆ ಇರಲೆಂದು ತುಸು ಹೆಚ್ಚಿಗೆ ಬಿಟ್ಟಿದ್ದರು. ಅದನ್ನೂ ಮೀರಿದರೆ ತಂತಿ ತಾನಾಗಿ ಬೀಳುತ್ತಿತ್ತು, ಕೇಂದ್ರದಿಂದಲೇ ಎಬ್ಬಿಸಬೇಕಾಗುತ್ತಿತ್ತು. ಇಡೀ ಯೋಜನೆ ಕಸ್ತೂರಿಯದು. ಗಂಡನ ಎದೆ ಏದುಸಿರಿಡುವುದನ್ನು ಕೇಳುತ್ತ ಕೇಳುತ್ತ ಅವಳು ಅದನ್ನು ಬರೆದಿದ್ದಳು. ಕೊಟ್ರೇಶ ಅದನ್ನು “ನನ್ನ ಹೆಂಡ್ತಿ ತಂತಿ” ಎಂದೇ ಕರೆಯುತ್ತಿದ್ದ.

ಗ್ರಹಣಗಳಿಗೂ ಮನೆತನವಿದೆ. ಒಂದು ಗ್ರಹಣವಾಗಿ ಹದಿನೆಂಟು ವರ್ಷ ಹನ್ನೊಂದು ದಿನ ಕಳೆದರೆ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಮೊದಲಿನ ಠಾವಿಗೇ ಬಂದು ನಿಲ್ಲುತ್ತವೆ. ಅಂಥದೇ ಇನ್ನೊಂದು ಗ್ರಹಣ ಹುಟ್ಟುತ್ತದೆ, ತಾಯಿಯ ಮೂಗು ಮಗಳಿಗೆ ಬಂದ ಹಾಗೆ. ಆದರೆ ಆ ಹನ್ನೊಂದು ದಿನದ ಮೇಲೆ ದಿನದ ಮೂರನೇ ಒಂದು ಪಾಲು ಉಳಿದುಬಿಡುತ್ತದೆ. ಅಷ್ಟರಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುವುದರಿಂದ ಮಗಳು ತಾಯಿ ಕಂಡ ಊರಿನಲ್ಲಿ ಕಾಣುವುದಿಲ್ಲ, ಬಹುದೂರ ಪಶ್ಚಿಮದಲ್ಲಿ ಕಾಣುತ್ತಾಳೆ. ಮೊಮ್ಮಗಳು ಇನ್ನೂ ಆಚೆ. ಅವಳ ಮಗಳ ಹೊತ್ತಿಗೆ ಮೂರು ಪಾಲೂ ಕೂಡಿ ಒಂದು ಸುತ್ತು ಪೂರ್ತಿಯಾಗುತ್ತದೆ, ಐವತ್ನಾಲ್ಕು ವರ್ಷದ ಮೇಲೆ ಮನೆತನ ತವರಿಗೆ ಬರುತ್ತದೆ. ಈ ಮನೆತನಗಳಿಗೆ ಮುಪ್ಪೂ ಉಂಟು. ಒಂದು ಧ್ರುವದ ಹತ್ತಿರ ಚಿಕ್ಕದಾಗಿ ಹುಟ್ಟಿ, ನಡುವಯಸ್ಸಿನಲ್ಲಿ ಸೂರ್ಯನನ್ನು ಪೂರ್ತಿ ನುಂಗಿ, ಕೊನೆಗಾಲದಲ್ಲಿ ಬರೀ ಅರೆಬರೆ ಕಚ್ಚುತ್ತ ಇನ್ನೊಂದು ಧ್ರುವದಲ್ಲಿ ಮುಗಿದುಹೋಗುತ್ತವೆ. ಈಗ ಬರಲಿದ್ದದ್ದು ಅಂಥ ಮುದಿ ಮನೆತನದ ಪಾರ್ಶ್ವ ಗ್ರಹಣ. ಅರ್ಧ ಸೂರ್ಯನನ್ನಷ್ಟೇ ಹಿಡಿಯುತ್ತಿತ್ತು, ಹಿಡಿದಿದ್ದಾಗಲೇ ಹೊತ್ತು ಮುಳುಗುತ್ತಿತ್ತು.

ಗ್ರಹಣದ ಸಂಜೆ ಎಷ್ಟು ಕರೆಂಟು ಬೇಕಾದೀತೆಂದು ಅಂದಾಜಿಸಲು ಕೇಂದ್ರದ ತಂಗೆವ್ವ ಈ ಮನೆತನವನ್ನೇ ಹಿಡಿದು ಹೋಗುತ್ತಿತ್ತು. ಹದಿನೆಂಟು ವರ್ಷದ ಹಿಂದಿನ ತಾಯಿ ಗ್ರಹಣ ಕಂಡದ್ದು ಶಾಂತ ಸಾಗರದ ಅಂಚಿನ ಊರುಗಳಲ್ಲಿ. ಅಲ್ಲಿಯ ಮಂದಿ ದೀಪ ಆರಿಸಿ, ಕುರ್ಚಿ ಹೊರಗೆ ಹಾಕಿಕೊಂಡು ಆಕಾಶ ನೋಡುತ್ತ ಕೂತಿದ್ದರು. ಕರೆಂಟಿನ ಬೇಡಿಕೆ ಇಳಿದಿತ್ತು. ಅಜ್ಜಿ ಗ್ರಹಣದ್ದೂ ಹೆಚ್ಚುಕಡಿಮೆ ಅದೇ ಕತೆ. ಇದೇ ನೆಲದ ಮೇಲೆ ಹಾದುಹೋಗಿದ್ದ ಮುತ್ತಜ್ಜಿ ಗ್ರಹಣವೊಂದೇ ಬೇರೆ ಮಾತು ಹೇಳುತ್ತಿತ್ತು.

“ಮೇಡಂ, ಮುತ್ತಜ್ಜಿ ಏನೋ ಹೇಳಾಕತ್ತಾಳ ನೋಡ್ರಿ,” ಎಂದರು ಜೊತೆಯ ಇಂಜಿನಿಯರ್ ನದಾಫ್. ಪರದೆಯ ಮೇಲೆ ಕಲ್ಲಿದ್ದಲ ಕಾಲದ ಆ ಬೇಡಿಕೆಯ ಗೆರೆ, ಹೊತ್ತು ಮುಳುಗಿದ ಕೂಡಲೇ ಗುಡ್ಡದಂತೆ ಎದ್ದಿತ್ತು. “ಒಮ್ಮಿಗೇ ಎಲ್ಲಾರೂ ಬಚ್ಚಲಕ್ಕ ಹೋಗ್ಯಾರ. ಇದಕ್ಕಂತ ಒಂದೀಟು ಬ್ಯಾಟರಿ ಕಾದಿಡೂಣೇನ್ರಿ?”

“ಕಾದಿಟ್ರ ಮಧ್ಯಾಹ್ನ ಮಗ್ಗ ನಿಲ್ಲಸಬೇಕಾಗ್ತದ. ಅವತ್ತಿನ ಕೂಲಿ ಹೋತು ಅಂತ ಮಂದಿ ನಮ್ಮ ಮೈಮ್ಯಾಲ ಬರ್ತಾರ.” ಕಸ್ತೂರಿ ಮತ್ತೊಮ್ಮೆ ಆ ಗುಡ್ಡವನ್ನು ನೋಡಿದಳು. “ಆಗಿನ ಮಂದಿ ಬ್ಯಾರೆ ನದಾಫರ. ಈಗ ಊರಿಗೂರs ಇಲ್ಲ ಅಂದೈತಿ. ಮಂದಿ ಮಾತು ನಾವು ನಂಬಬೇಕಲ್ರಿ.”

“ಅದೂ ಖರೇನ ಬಿಡ್ರಿ,” ಎಂದರು ನದಾಫ್.

ಇಬ್ಬರೂ ತಂತಮ್ಮ ಮನೆಯ ಗೋಡೆಗೆ ಸುಳ್ಳು ಹೇಳಿ ಬಂದವರೇ. ಸುಳ್ಳು ಹೇಳಿದ್ದು ತನ್ನದೊಂದೇ ಮನೆ, ಒಂದು ಮನೆಯಿಂದ ಏನಾದೀತು ಎಂದು ಇಬ್ಬರೂ ಅಂದುಕೊಂಡಿದ್ದರು. ಮುತ್ತಜ್ಜಿಯ ಸಾಕ್ಷಿಯನ್ನು ಲೆಕ್ಕದಿಂದ ಕೈಬಿಟ್ಟರು.

ಗ್ರಹಣದ ದಿನ ಮಧ್ಯಾಹ್ನ ಕಸ್ತೂರಿ ಕೇಂದ್ರಕ್ಕೆ ಹೊರಟಾಗ ಎಂದಿನಂತೆ ಪಕ್ಕದ ಮನೆಯ ಪಾರಕ್ಕನಿಗೆ ಕೂಗಿ ಹೇಳಿದಳು. ಅವಳಿಲ್ಲದಾಗ ಕೊಟ್ರೇಶನಿಗೆ ಗಂಜಿ ಕುಡಿಸುವುದು, ದಿಂಬು ಸರಿಮಾಡುವುದು, ಓಣಿಯ ಸುದ್ದಿ ಮುಟ್ಟಿಸುವುದು ಎಲ್ಲ ಪಾರಕ್ಕನದೇ. ಆ ಕೆಲಸವನ್ನು ಯಾರೂ ಅವಳಿಗೆ ಒಪ್ಪಿಸಿರಲಿಲ್ಲ, ತಾನಾಗಿಯೇ ಹಚ್ಚಿಕೊಂಡಿದ್ದಳು. ಅಂದು ಮಾತ್ರ ಪಾರಕ್ಕನಿಗೆ ತನ್ನ ಮನೆಯದೇ ಚಿಂತೆ. ತುಂಬಿದ ಬಸುರಿ ಮಗಳು ಭಾರತಿಯನ್ನು ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಕೂಡಿಸಿದ್ದಳು.

ಬಿಸಿಲು ಮೆಲ್ಲಗೆ ಮಾಸಿತು. ಓಣಿಯ ಬೇವಿನ ಮರದ ಕೆಳಗೆ ಎಲೆಯ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದವು. ಕೊಟ್ರೇಶನ ಕಿಟಕಿಯ ಬಿರುಕಿನಿಂದ ಅಂಥದೊಂದು ಚುಕ್ಕೆ ಒಳಗೆ ಬಂದು ಎದುರಿನ ಗೋಡೆಯ ಮೇಲೆ ಕೂತಿತು. ಅದು ಸಣ್ಣಗಾಗುವುದನ್ನು ಅವನು ಮಲಗಿದಲ್ಲೇ ನೋಡಿದ. ಸಂಜೆ ಕಸ್ತೂರಿಗೆ ಹೇಳಬೇಕು, ನಿನ್ನ ಗ್ರಹಣ ನನ್ನನ್ನು ಮಾತಾಡಿಸಲು ಮನೆಗೇ ಬಂದಿತ್ತು ಎಂದು, ಎಂದುಕೊಂಡ.

ಕೇಂದ್ರದಲ್ಲಿ ಎಲ್ಲ ಅಂದಾಜಿನಂತೆಯೇ ನಡೆಯಿತು. ಬಿಸಿಲಿನ ಕರೆಂಟು ಇಳಿದಷ್ಟೂ ಬ್ಯಾಟರಿ ಹೆಗಲು ಕೊಟ್ಟಿತು. ಸಂಜೆಯ ಬಿಸಿಲಲ್ಲಿ ತುಂಬಿಕೊಳ್ಳಬೇಕಾಗಿದ್ದ ಪಾಲು ಬರಲಿಲ್ಲ, ಆದರೂ ರಾತ್ರಿಗೆ ಸಾಕಾಗುವಷ್ಟಿತ್ತು. ಕಚ್ಚಿಸಿಕೊಂಡ ಸೂರ್ಯ ದಿಗಂತದಲ್ಲಿ ಮುಳುಗಿದ. ನದಾಫ್ ಚಹಾ ತರಿಸಿದರು.

ಚಹಾದ ಲೋಟ ಕೈಯಲ್ಲಿದ್ದಂತೆಯೇ ಪರದೆಯ ಮೇಲಿನ ಗೆರೆ ಏಳತೊಡಗಿತು. ಗದಗು, ಹುಬ್ಬಳ್ಳಿ, ಕೊಪ್ಪಳ ಎನ್ನದೆ ಎಲ್ಲ ಕಡೆ ಮಂದಿ ಬಕೆಟ್ಟಿಗೆ ನೀರು ಕಾಸುವ ಕಾಯಿಲ್ ಇಳಿಬಿಟ್ಟಿದ್ದರು. ಮುತ್ತಜ್ಜಿಯ ಕಾಲದ ಗುಡ್ಡ ಹಾಗೆಯೇ, ಅದಕ್ಕಿಂತ ಎತ್ತರಕ್ಕೆ, ಎದ್ದು ನಿಂತಿತು.

“ಎಲ್ಲಾರೂ ಸುಳ್ಳ ಹೇಳ್ಯಾರ್ರಿ ಮೇಡಂ!” ಎಂದರು ನದಾಫ್.

“ಹೇಳೇವಿ,” ಎಂದಳು ಕಸ್ತೂರಿ. ಚಹಾದ ಲೋಟ ಕೆಳಗಿಟ್ಟಳು. “ಹಿಂಗ ಬಿಟ್ರ ಬ್ಯಾಟರಿ ತಳಾ ಕಾಣ್ತದ, ದವಾಖಾನಿಗೂ ಇರೂದಿಲ್ಲ. ಓಣಿ ಓಣಿ ಲೈನ್ ತಗೀರಿ.”

“ಯಾವುದು ಮೊದಲ ತಗೀಲ್ರಿ?”

“ನಮ್ದs ತಗೀರಿ. ಇಂಜಿನಿಯರ್ ಮನಿ ಅಂತ ಬಿಟ್ರು ಅಂತ ನಾಳೆ ಯಾರೂ ಅನ್ನಬಾರದು. ಅಲ್ಲೆ ಹೆಂಗೂ ಜೀವದ ತಂತಿ ಐತಿ.”

ಬೆಟಗೇರಿಯ ಓಣಿಗಳು ಕತ್ತಲಾದವು. ಒಲೆ ಹೊತ್ತಿಸುವುದನ್ನು ಮಂದಿ ಬಿಟ್ಟು ಒಂದು ತಲೆಮಾರೇ ಕಳೆದಿತ್ತು. ಕಟ್ಟಿಗೆಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ಅರ್ಧಂಬರ್ಧ ಕಾದ ನೀರಿನ ಮುಂದೆ ಮಂದಿ ಹೊಟ್ಟೆಗಿಲ್ಲದೆ ನಿಂತಿದ್ದರು. ಆ ಓಣಿಯಲ್ಲಿ ಒಂದೇ ಕಿಟಕಿಯಲ್ಲಿ ಬೆಳಕಿತ್ತು.

ಪಾರಕ್ಕ ಬಕೆಟ್ಟು, ಕಾಯಿಲ್ ಹಿಡಿದುಕೊಂಡು ಹೊಸ್ತಿಲ ಹೊರಗೇ ನಿಂತಳು. “ಕೊಟ್ರೇಶಣ್ಣ, ಕೇಳಾಕ ನಾಚಿಕಿ ಬರ್ತೈತಿ. ಭಾರತಿ ಮುಂಜಾನಿಂದ ಕತ್ತಲದಾಗ ಕುಂತಾಳ. ಬಸುರಿ ಹೆಂಗಸಿಗೆ ತಣ್ಣೀರು ಹೆಂಗ ಹಾಕ್ಲೋ? ಒಂದs ಒಂದು ಬಕೆಟ್...”

“ಹಾಕ ಪಾರಕ್ಕ,” ಎಂದ ಕೊಟ್ರೇಶ. “ಇದನ್ನೇನ ಕೇಳ್ತಿ?” ಒಂದು ಕಾಯಿಲ್ಲಿನ ಭಾರವನ್ನು ತಂತಿ ತಡೆಯುತ್ತದೆ ಎಂದು ಮೆಕ್ಯಾನಿಕ್ಕನ ಮನಸ್ಸು ಆಗಲೇ ಲೆಕ್ಕ ಹಾಕಿತ್ತು.

ಅವಳು ಬಚ್ಚಲದಲ್ಲಿ ಕಾಯಿಲ್ ಹಚ್ಚಿ, ಮಗಳನ್ನು ಅಣಿಮಾಡಲು ಮನೆಗೆ ಹೋದಳು. ಬೆನ್ನಿಗೇ ಎದುರುಮನೆಯ ಚನ್ನವ್ವ ಬಂದಳು. ಅವಳ ಮುದಿ ಅತ್ತೆ ಒದ್ದೆ ಸೀರೆಯಲ್ಲಿ ನಡುಗುತ್ತ ಕೂತಿದ್ದಳಂತೆ. ಪಾರಕ್ಕನಿಗೆ ಹೂಂ ಎಂದು ಚನ್ನವ್ವನಿಗೆ ಊಹೂಂ ಎನ್ನುವುದು ಕೊಟ್ರೇಶನಿಗೆ ಬರುವ ವಿದ್ಯೆಯಲ್ಲ. “ಲಗೂನ ಕಾಸ್ಕೊ,” ಎಂದ. ಹೆಂಡತಿ ಎಳೆದ ತಂತಿ, ತಡೆದೀತು, ಸ್ವಲ್ಪ ಹೊತ್ತು ತಡೆದೀತು ಎಂದುಕೊಂಡ. ಚನ್ನವ್ವ ಎರಡನೆಯ ಕಾಯಿಲ್ ಹಚ್ಚಿ, ಅತ್ತೆಯನ್ನು ಕರೆತರಲು ಓಡಿದಳು.

ಬಲ್ಬು ಒಮ್ಮೆ ಮಂಕಾಯಿತು, ಆಮೇಲೆ ಆರಿತು. ಉಸಿರಿನ ಯಂತ್ರ ತನ್ನ ಹೊಟ್ಟೆಯೊಳಗಿನ ಪುಟ್ಟ ಬ್ಯಾಟರಿಗೆ ಹೊರಳಿ ಕೀಂಯ್ ಎಂದು ಕೂಗಿಕೊಂಡಿತು. ತಂತಿ ಬೀಳುವುದೇ ಇಲ್ಲವೆಂದು ಆ ಬ್ಯಾಟರಿಯನ್ನು ತೀರಾ ಚಿಕ್ಕದು ಇಟ್ಟಿದ್ದರು.

ಕೇಂದ್ರದ ಪರದೆಯಲ್ಲಿ ಜೀವದ ತಂತಿಗಳು ಅಲ್ಲೊಂದು ಇಲ್ಲೊಂದು ಕೆಂಪಾಗತೊಡಗಿದವು. ಕಸ್ತೂರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಕತ್ತಲಾದ ಪ್ರತಿ ಓಣಿಯಲ್ಲೂ ಮಂದಿ ಬೆಳಕಿದ್ದ ಒಂದು ಮನೆಯ ಬಾಗಿಲು ಬಡಿದಿದ್ದರು. ಪ್ರತಿ ಮನೆಯಲ್ಲೂ ಮಂಚದ ಮೇಲಿದ್ದವರು ಹೂಂ ಎಂದಿದ್ದರು.

ಕೆಂಪಾದವುಗಳಲ್ಲಿ ತನ್ನ ಮನೆಯದೂ ಇತ್ತು. ಅವಳು ಗುಂಡಿ ಒತ್ತಿದಳು. ತಂತಿ ಹಸಿರಾಗಿ ಎದ್ದು, ಕ್ಷಣದಲ್ಲಿ ಬಿತ್ತು. ಮತ್ತೆ ಒತ್ತಿದಳು. ಮತ್ತೆ ಬಿತ್ತು. ಕಾಯಿಲ್ ತೆಗೆಯುವ ತನಕ ಅದು ನಿಲ್ಲುವಂತಿರಲಿಲ್ಲ. ತೆಗೆಯಿರಿ ಎಂದು ತಂಗೆವ್ವನ ಮೂಲಕ ಹೇಳೋಣವೆಂದರೆ ತಂಗೆವ್ವನೂ ಅದೇ ತಂತಿಯ ಮೇಲಿನವಳು, ಸತ್ತುಬಿದ್ದಿದ್ದಳು. ಕೊಟ್ರೇಶನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಅದು ಅಡುಗೆಮನೆಯ ಗೂಡಿನಲ್ಲಿತ್ತು. ಪಾರಕ್ಕ ತನ್ನದನ್ನು ಜಳಕವಾಗದೆ ಮುಟ್ಟಬಾರದೆಂದು ಒಳಗಿಟ್ಟಿದ್ದಳು. ಓಣಿಯ ಯಾರೂ ಎತ್ತಲಿಲ್ಲ.

“ನೀವು ಮನಿಗೆ ಹೋಗ್ರಿ ಮೇಡಂ, ನಾ ಒತ್ತತೇನಿ,” ಎಂದರು ನದಾಫ್.

“ನಾ ಹೋಗಿ ಮುಟ್ಟೂದ್ರಾಗ ಯಂತ್ರದ ಬ್ಯಾಟರಿ ಮುಗೀತದ ನದಾಫರ. ಇಲ್ಲೇ ಇರ್ತೇನಿ.” ಅವಳು ಅಳುತ್ತಿದ್ದಳು, ಅಳುತ್ತಲೇ ಒತ್ತಿದಳು.

ಮನೆಯಲ್ಲಿ ಬಲ್ಬು ಫಕ್ಕನೆ ಹೊತ್ತಿ ಆರಿತು. ಕೊಟ್ರೇಶ ಕೂಗಿದ; ದನಿ ಮಾಸ್ಕು ದಾಟಲಿಲ್ಲ. ಬಲ್ಬು ಮತ್ತೆ ಹೊತ್ತಿತು, ಆರಿತು. ಆಗ ಅವನಿಗೆ ತಿಳಿಯಿತು. ಆ ತುದಿಯಲ್ಲಿ ಕಸ್ತೂರಿ ಇದ್ದಾಳೆ. ಎಬ್ಬಿಸುತ್ತಿದ್ದಾಳೆ, ಬೀಳುತ್ತಿದೆ, ಮತ್ತೆ ಎಬ್ಬಿಸುತ್ತಿದ್ದಾಳೆ. ಎಂಥ ಹಟಮಾರಿ ಹೆಂಗಸೆಂದು ಅವನಿಗೆ ಗೊತ್ತಿತ್ತು, ರಾತ್ರಿಯೆಲ್ಲ ಒತ್ತುತ್ತಲೇ ಇದ್ದಾಳು. ಯಂತ್ರದ ಕೂಗು ಕ್ಷೀಣವಾಗುತ್ತಿತ್ತು. ಬಚ್ಚಲವೇನು ಊರಾಚೆ ಇಲ್ಲ, ನಡುಮನೆ ದಾಟಿದರೆ ಬಂತು. ಕೊಟ್ರೇಶ ಮಾಸ್ಕನ್ನು ಬಿಚ್ಚಿ ದಿಂಬಿನ ಮೇಲಿಟ್ಟ, ಗೋಡೆ ಹಿಡಿದು ಎದ್ದ.

ಕಸ್ತೂರಿ ಎಷ್ಟನೆಯ ಸಲವೋ ಒತ್ತಿದಳು. ತಂತಿ ಹಸಿರಾಯಿತು. ಬೀಳಲಿಲ್ಲ. ಅವಳು ಉಸಿರು ಬಿಗಿಹಿಡಿದು ನೋಡಿದಳು, ಆಗಲೂ ಬೀಳಲಿಲ್ಲ. ಉಸಿರಿನ ಯಂತ್ರದ ಸಣ್ಣ ಗೆರೆ ಏರಿ ಇಳಿದು, ಏರಿ ಇಳಿದು ಓಡತೊಡಗಿತು.

“ನಿಂತತ್ರಿ ನದಾಫರ! ಯಾರೋ ಪುಣ್ಯಾತ್ಮರು ಕಾಯಿಲ್ ತಗದ್ರು!” ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಉಳಿದ ಕೆಂಪು ತಂತಿಗಳು ಇನ್ನೂ ಇದ್ದವು. ತನ್ನದು ಎದ್ದಿತೆಂದು ಬೇರೆಯವರದನ್ನು ಬಿಟ್ಟು ಹೋಗುವ ಹೆಣ್ಣಲ್ಲ ಅವಳು. ಒಂದೊಂದನ್ನೇ ಎಬ್ಬಿಸಿ, ಕೊನೆಯದು ನಿಂತ ಮೇಲೆ ಮನೆಗೆ ಹೊರಟಳು. ದಾರಿಯುದ್ದಕ್ಕೂ ಅವನಿಗೆ ಹೇಗೆ ಬೈಯಬೇಕೆಂದು ಯೋಚಿಸುತ್ತ ಬಂದಳು.

ಬಾಗಿಲಲ್ಲಿ ಓಣಿಯ ಮಂದಿ ನಿಂತಿದ್ದರು. ಅವಳನ್ನು ನೋಡಿ ಎರಡೂ ಕಡೆ ಸರಿದರು. ಒಳಗೆ ಬಲ್ಬು ಉರಿಯುತ್ತಿತ್ತು. ಯಂತ್ರ ದಿಂಬಿನ ಮೇಲಿನ ಖಾಲಿ ಮಾಸ್ಕಿನೊಳಕ್ಕೆ ಉಸಿರು ಊದುತ್ತಲೇ ಇತ್ತು. ಕೊಟ್ರೇಶ ಬಚ್ಚಲದ ಹೊಸ್ತಿಲಿಗೆ ಒರಗಿ ಕೂತಿದ್ದ. ಎರಡು ಕಾಯಿಲ್ಲಿನ ಪ್ಲಗ್ಗುಗಳೂ ಅವನ ಮುಷ್ಟಿಯಲ್ಲಿದ್ದವು. ಪಾರಕ್ಕ ಅವನ ಕಾಲು ಹಿಡಿದುಕೊಂಡು ಕೂತಿದ್ದಳು, ಜಳಕವಿಲ್ಲದೆ.

ಕೊಟ್ರೇಶನ ದಿನಕರ್ಮ ಮುಗಿದ ಮೇಲೆ ಒಂದು ಸಂಜೆ ತಂಗೆವ್ವ ಊರಿಗೆಲ್ಲ ಮತ್ತೊಂದು ಪ್ರಶ್ನೆ ಕೇಳಿತು: “ಗ್ರಹಣದ ದಿನ ನಿಮ್ಮ ಮನ್ಯಾಗ ನೀರು ಕಾಸಿದ್ರೇನ್ರಿ?” ಊರೆಲ್ಲ ಮತ್ತೆ ಇಲ್ಲ ಎಂದಿತು. ಮೊದಲಿನದು ನಾಚಿಕೆಯ ಸುಳ್ಳು, ಇದು ಹೆದರಿಕೆಯ ಸುಳ್ಳು.

ಕಸ್ತೂರಿ ಖಾಲಿ ಮಂಚದ ತುದಿಗೆ ಕೂತಿದ್ದಳು. ಬೇರೆ ದೀಪ ಹಚ್ಚಿರಲಿಲ್ಲ, ಜೀವದ ತಂತಿಯ ಬಲ್ಬೊಂದೇ ಉರಿಯುತ್ತಿತ್ತು.

“ಕಾಸೇವಿ,” ಎಂದಳು. “ನಮ್ಮನ್ಯಾಗ ಕಾಸೇವಿ ತಂಗೆವ್ವಾ. ಬರಕೊ.”

“ಬರಕೊಂಡೆ. ಈ ಗ್ರಹಣದ ಮುಂದಿನ ಪೀಳಿಗಿಗೆ ಏನರ ಹೇಳೂದೈತೇನ್ರಿ?”

ಇದು ಕೇಂದ್ರದ ಇಂಜಿನಿಯರ್‌ಗಳಿಗೆಂದೇ ಇದ್ದ ಪ್ರಶ್ನೆ. ಹದಿನೆಂಟು ವರ್ಷಕ್ಕೊಂದು, ಮತ್ತೆ ಹದಿನೆಂಟಕ್ಕೊಂದು, ಇನ್ನೆಲ್ಲೋ ಯಾರದೋ ಆಕಾಶದಲ್ಲಿ. ಆಮೇಲೆ ಐವತ್ನಾಲ್ಕನೆಯ ವರ್ಷಕ್ಕೆ ಈ ಮನೆತನ ಮತ್ತೆ ಇಲ್ಲಿಗೆ, ಇನ್ನಷ್ಟು ಸೊರಗಿ, ಸೂರ್ಯನ ಅಂಚನ್ನಷ್ಟೇ ಕಚ್ಚಲು. ಆಗ ಈ ಗ್ರಹಣವೇ ಮುತ್ತಜ್ಜಿ. ಭಾರತಿಯ ಹೊಟ್ಟೆಯಲ್ಲಿರುವ ಕೂಸಿಗೆ ಆಗ ತಲೆ ನರೆತಿರುತ್ತದೆ.

“ಐತಿ,” ಎಂದಳು ಕಸ್ತೂರಿ. “ಸಣ್ಣ ಗ್ರಹಣ ಅಂತ ಸಸಾರ ಮಾಡಬ್ಯಾಡ. ಮಂದಿ ನೀರು ಕಾಸೂದಿಲ್ಲ ಅಂತಾರ, ನಂಬಬ್ಯಾಡ, ಕಾಸ್ತಾರ. ಓದಿದವರೂ ಕಾಸ್ತಾರ. ಓಣಿ ಕತ್ತಲ ಮಾಡಿದ್ರ, ಬೆಳಕಿದ್ದ ಮನಿಗೆ ಬಂದು ಕೇಳ್ತಾರ.” ಅವಳು ಮಂಚದ ಮೇಲಿನ ದಿಂಬನ್ನು ಸರಿಮಾಡಿದಳು. “ಆ ಮನ್ಯಾಗ ಇದ್ದವರು ಇಲ್ಲ ಅನ್ನೂದಿಲ್ಲ. ಅದನ್ನೂ ಲೆಕ್ಕಕ್ಕ ಹಿಡಿ.”

“ಹಿಡಿದೆ,” ಎಂದಿತು ತಂಗೆವ್ವ. ಆಮೇಲೆ ಅದೇ ಎಳೆಯ ದನಿಯಲ್ಲಿ ಕೇಳಿತು: “ನಿಮ್ಮ ಮನಿಗೆ ಜೀವದ ತಂತಿ ಇನ್ನೂ ಬೇಕೇನ್ರಿ?”

ಅದಕ್ಕೇನು ಗೊತ್ತು! ಉಸಿರಿನ ಯಂತ್ರದ ಭಾರವಿಲ್ಲದ ತಂತಿ ಕಂಡರೆ ಹಾಗೆ ಕೇಳಬೇಕೆಂದು ಕಲಿಸಿದ್ದವಳು ಕಸ್ತೂರಿಯೇ. ಇನ್ನೊಬ್ಬರ ಮನೆಗೆ ಬೇಕಾಗುತ್ತದಲ್ಲ.

“ಬ್ಯಾಡವಾ,” ಎಂದಳು. “ತಗೊಂಡು ಬಿಡು.”

ಬಲ್ಬು ಆರಿತು. ಎದ್ದು ಬೇರೆ ದೀಪ ಹಚ್ಚುವ ಮನಸ್ಸಾಗದೆ ಅವಳು ಕತ್ತಲಲ್ಲೇ ಕೂತಳು.

ಹೊರಗೆ ಹೆಜ್ಜೆ ಸಪ್ಪಳವಾಯಿತು. ಅಂದಿನಿಂದ ಈ ಹೊಸ್ತಿಲು ತುಳಿಯಲು ಧೈರ್ಯವಾಗದಿದ್ದ ಪಾರಕ್ಕ ಬಾಗಿಲಾಚೆ ಬಂದು ನಿಂತಿದ್ದಳು. ಎಂದೂ ಆರದ ಕಿಟಕಿ ಕತ್ತಲಾದದ್ದನ್ನು ನೋಡಿ ಓಡಿ ಬಂದಿದ್ದಳು.

“ಕಸ್ತೂರಿ... ಯವ್ವಾ, ಕರೆಂಟ್ ಹೋತೇನ? ನಮ್ಮನ್ಯಾಗ ಐತಿ. ವಾಯರ್ ಎಳದು ಕೊಡ್ಲೇನ?”

ಆ ಪ್ರಶ್ನೆಗೆ ಇಲ್ಲ ಎನ್ನಲು ಕಸ್ತೂರಿಗೂ ಆಗಲಿಲ್ಲ.

“ಎಳಿ ಪಾರಕ್ಕ,” ಎಂದಳು. “ಒಳಗ ಬಾ.”